ಮುಚ್ಚಿದ್ದ ನಲ್ಲಿಗಳು

"ನಡುರಾತ್ರಿ ಗೋಡೆಯಾಚೆ ಚಟ್ ಅಂತ ಸಣ್ಣ ಸದ್ದಾಯ್ತು. ಸೂರಿಂದ ಹಿಮ ಬಿತ್ತೇನೋ ಅಂತ ಮಲಗ್ಬಿಟ್ಟೆ," ಎಂದಳು ಹರುನಾ.

ಇನ್ಸ್‌ಪೆಕ್ಟರ್ ಫುಮಿ ಬರೆದುಕೊಂಡಳು. ಜಪಾನಿನ ಉತ್ತರ ತುದಿಯ ಹೊಕ್ಕೈದೊದಲ್ಲಿ ಹುಡುಗಿಗೆ ಇದು ಮೊದಲ ಚಳಿಗಾಲ. ಪೈಪು ಒಡೆಯುವ ಸದ್ದು ಅವಳಿಗೆ ತಿಳಿಯದು.

ದೂರು ಪಕ್ಕದ ಮನೆಯ ಇಕುಯೊ ಅವರದು. ಹೊಸವರ್ಷಕ್ಕೆ ಮಗಳ ಊರಿಗೆ ಹೊರಡುವ ಮುನ್ನ, ನೀರು ಹೆಪ್ಪುಗಟ್ಟಿ ಒಡೆಯದಿರಲೆಂದು ಪೈಪುಗಳ ನೀರಿಳಿಸಿ ಹೋಗಿದ್ದರು. ಜನವರಿ ಆರರಂದು ಬಂದು ನೋಡಿದರೆ ಯಾರೋ ನೀರು ಬಿಟ್ಟಿದ್ದಾರೆ. ಪೈಪು ಒಡೆದು ಮನೆಯೆಲ್ಲ ಮಂಜುಗಡ್ಡೆ. ಬೀಗ ಮುರಿದಿಲ್ಲ. ಇನ್ನೊಂದು ಕೀಲಿಕೈ ಇದ್ದದ್ದು ಹರುನಾ ಬಳಿ. ದೂರಿನಲ್ಲಿ ಅವಳ ಹೆಸರು ಬಿತ್ತು. ಕೇಸು ನಿಂತರೆ ಶಿಶುವಿಹಾರದ ಕೆಲಸ ಹೋದಂತೆಯೇ.

ಮನೆಯ ಪರಿಶೀಲನೆಗೆ ಸಾಕ್ಷಿಯಾಗಿ ಎದುರುಮನೆಯ ಮಿನೆ ಬಂದರು. ಇಕುಯೊ ಅವರ ಹಳೆಯ ಗೆಳತಿ.

"ದಕ್ಷಿಣದ ಹುಡ್ಗಿ. ಚಳಿ ಅಂದ್ರೆ ಸ್ವೆಟರ್ ಹಾಕ್ಕೊಳೋದು ಅಂದ್ಕೊಂಡಿದಾಳೆ."

"ಮೊದ್ಲು ಕೀಲಿಕೈ ಯಾರ ಹತ್ರ ಇರ್ತಿತ್ತು?"

"ನನ್ ಹತ್ರ. ಈ ಸಲ ಇಕುಯೊ ಇಸ್ಕೊಂಡು ಹುಡ್ಗಿಗೆ ಕೊಟ್ಲು. ನಿಂಗೆ ಮಂಡಿನೋವು ಪಾಪ, ಅಂದ್ಲು."

ನೀರಿಳಿಸಿದವರು ಗಾಳಿಯಾಡಲೆಂದು ನಲ್ಲಿಗಳನ್ನು ತೆರೆದಿಟ್ಟು ಹೋಗುತ್ತಾರೆ. ಇಕುಯೊ ಕೂಡ ಹಾಗೇ ಮಾಡಿದ್ದರು. ಈಗ ಎಲ್ಲವೂ ಮುಚ್ಚಿದ್ದವು, ಬಟ್ಟೆ ಒಗೆಯುವ ಯಂತ್ರದ ಹಿಂದಿನ ಪುಟ್ಟ ನಲ್ಲಿಯೂ. ಮೇಲೆ ಮಂಜು ಕಟ್ಟಿತ್ತು. ಆಮೇಲೆ ಯಾರೂ ಮುಟ್ಟಿಲ್ಲ.

ಫುಮಿ ಹರುನಾಳನ್ನು ಠಾಣೆಯ ಹಿಂದೆ ನೀರಿಳಿಸಿಟ್ಟಿದ್ದ ಖಾಲಿ ಕ್ವಾರ್ಟರ್ಸ್‌ಗೆ ಕರೆದೊಯ್ದಳು. "ನೀರು ಬಿಡಿ."

ಹರುನಾ ಸೀದಾ ಮುಖ್ಯ ಪೈಪಿನ ಹಿಡಿ ತಿರುಗಿಸಿದಳು. ತೆರೆದಿದ್ದ ನಲ್ಲಿಗಳಿಂದೆಲ್ಲ ನೀರು ಚಿಮ್ಮಿ ಅವಳ ತೋಳು ಒದ್ದೆಯಾಯಿತು. ಇಲ್ಲೇ ಹುಟ್ಟಿದವರು ಮೊದಲು ನಲ್ಲಿ ಮುಚ್ಚುತ್ತಾರೆ. ಕೆಡಿಸಲೆಂದೇ ಹೋದರೂ ಕೈ ತಾನಾಗಿ ಮುಚ್ಚುತ್ತದೆ.

ಹಿಂದೆ ಕೀಲಿಕೈ ಇಟ್ಟುಕೊಂಡಿದ್ದ ಮಿನೆ ಮನೆಯ ಶೋಧದಲ್ಲಿ, ತೀರಿಹೋದ ಗಂಡನ ಫೋಟೊ ಮುಂದೆ ಇಕುಯೊ ಮನೆಯ ನಕಲಿ ಕೀಲಿಕೈ ಸಿಕ್ಕಿತು.

"ಯಾಕೆ?"

ಮಿನೆ ಫೋಟೊವನ್ನು ನೆಟ್ಟಗಿಟ್ಟರು. "ಇಕುಯೊನೂ ಆ ಹುಡ್ಗಿನೂ ಮೂಲಂಗಿ ಉಪ್ಪಿಗೆ ಹಾಕ್ತಾ ನಗ್ತಿದ್ರು. ಪ್ರತಿ ವರ್ಷ ಆ ಕೆಲ್ಸಕ್ಕೆ ನನ್ನ ಕರೀತಿದ್ಲು. ಒಂದು ಪೈಪು ಒಡೆದ್ರೆ ಹುಡ್ಗಿ ಕೈಲಾಗಲ್ಲ ಅಂತ ಗೊತ್ತಾಗತ್ತೆ, ಕೀಲಿಕೈ ನಂಗೇ ಬರತ್ತೆ ಅನ್ಕೊಂಡೆ."

ಬಂಧಿಸಿ ಹೊರಡುವಾಗ ಬಾಗಿಲಲ್ಲಿ ನಿಂತರು. "ಮೇಡಂ, ಮನೇಲಿ ಯಾರೂ ಇರಲ್ಲ. ನೀರಿಳಿಸಿ ಬರ್ತೀನಿ."

ಫುಮಿ ಕಾದಳು. ಮಿನೆ ಹಿಡಿ ತಿರುಗಿಸಿ ಒಂದೊಂದೇ ನಲ್ಲಿ ತೆರೆದರು, ಬೀಗ ಹಾಕಿ ತಮ್ಮ ಮನೆಯ ಕೀಲಿಕೈ ಚಾಚಿದರು. "ಇಕುಯೊಗೆ ಕೊಡಿ."

ಮಿನೆಯನ್ನು ಠಾಣೆಗೆ ಕಳಿಸಿ ಫುಮಿ ಕೀಲಿಕೈ ಒಯ್ದಳು. ಇಕುಯೊ ಕೈ ಮುಂದೆ ಮಾಡಲಿಲ್ಲ, ಒಳಗೆ ಹೋಗಿಬಿಟ್ಟರು. ಹಿಂದೆ ನಿಂತಿದ್ದ ಹರುನಾ ಕೀಲಿಕೈ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿದಳು. "ವಾರಕ್ಕೊಂದ್ಸಲ ನೋಡ್ಕೊಂಡ್ ಬರ್ತೀನಿ. ನಲ್ಲಿ ವಿಷ್ಯ ಈಗ ಗೊತ್ತಲ್ಲ."

ಠಾಣೆಯಲ್ಲಿ ಮಿನೆ ಕೇಳಿದ್ದು ಒಂದೇ ಮಾತು. "ತಗೊಂಡ್ಲಾ?"

"ಹೂಂ," ಎಂದಳು ಫುಮಿ.

ಮಿನೆ ಮುಖ ಸಡಿಲಾಯಿತು. ಯಾರು ತಗೊಂಡರೆಂಬುದನ್ನು ಫುಮಿ ವರದಿಯಲ್ಲಿ ಬರೆಯಲಿಲ್ಲ. ಯಾರಿಗೂ ಹೇಳುವುದೂ ಬೇಡವೆಂದು ಫೈಲು ಮುಚ್ಚಿದಳು.