ಮೈಕಿಗೆ ಕೇಳಿಸಿದ ಹಸಿವು

"ಅವಳು ನಿನ್ನೆಯಿಂದ ಏನೂ ತಿಂದಿರಲಿಲ್ಲ. ತಿಂದೆಯಾ ಎಂದು ಯಾರೂ ಕೇಳಿಯೂ ಇರಲಿಲ್ಲ..."

"ಒಂದು ನಿಮಿಷ ಮೇಡಂ, ನಿಲ್ಸಿ!"

ಹೆಡ್‌ಫೋನಿನಲ್ಲಿ ಇದ್ದಕ್ಕಿದ್ದಂತೆ ಗಂಡಸಿನ ದನಿ ಕೇಳಿ ಅವಳು ಬೆಚ್ಚಿಬಿದ್ದಳು. ಗಾಜಿನಾಚೆ, ಗುಂಡಿಗಳ ಮೇಜಿನ ಮುಂದೆ ಕೂತಿದ್ದವನನ್ನು ನೋಡಿದ್ದು ಅಂದೇ ಮೊದಲು. ಕೆದರಿದ ತಲೆ, ಇಸ್ತ್ರಿಯ ಮುಖ ಕಾಣದ ಅಂಗಿ. ಸ್ಟುಡಿಯೋದವರೆಲ್ಲ ಅವನನ್ನು 'ಕಿವಿ' ಎಂದೇ ಕರೆಯುತ್ತಿದ್ದರು. ಪಕ್ಕದ ಬೀದಿಯಲ್ಲಿ ಸೊಳ್ಳೆ ಆಕಳಿಸಿದರೂ ಅವನಿಗೆ ಕೇಳಿಸುತ್ತದೆ ಎಂದು ಅವರ ತಮಾಷೆ.

ಕಾದಂಬರಿಗಳನ್ನು ಓದಿ ಧ್ವನಿಪುಸ್ತಕ ಮಾಡುವುದು ಅವಳ ಕೆಲಸ. ಇಂದಿನದು ಮುತ್ತಿಗೆಗೆ ಸಿಕ್ಕ ಊರಿನಲ್ಲಿ ಒಂಟಿಯಾಗಿ ಉಳಿದ ವಿಧವೆಯ ಕಥೆ. ಓದುವಾಗ ವಾಕ್ಯದ ನಡುವೆ ಅವಳನ್ನು ಯಾರೂ ತಡೆದದ್ದಿಲ್ಲ.

"ಉಚ್ಚಾರಣೆ ತಪ್ಪಾಯ್ತಾ?"

"ಇಲ್ಲ ಮೇಡಂ, ಓದಿದ್ದು ಬಂಗಾರ. ಕೊನೇಲಿ ಒಂದು ಸದ್ದು ಬಂತು."

"ಕುರ್ಚಿ ಇರ್ಬೇಕು."

"ಕುರ್ಚಿ ಅಲ್ಲ..." ಅವನು ತಲೆ ಕೆರೆದುಕೊಂಡ. "ನಿಮಗೆ ಹಸಿವಾಗಿದೆ."

ಅವಳ ಮುಖ ಕೆಂಪೇರಿತು. ಎಂಥ ಮನುಷ್ಯ ಇವನು! ಮುಖ ನೋಡಿದ ಮೊದಲ ದಿನವೇ...!

"ನನಗೇನೂ ಹಸಿವಿಲ್ಲ!"

ಮಾತು ಮುಗಿಯುವ ಮೊದಲೇ ಹೊಟ್ಟೆ ಮತ್ತೆ ಗುರ್ರೆಂದಿತು. ಎದುರಿಗೆ ಮೈಕು ಬೇರೆ! ಒಡತಿ ಎಷ್ಟೇ ಸುಳ್ಳು ಹೇಳಲಿ, ಹೊಟ್ಟೆಗೆ ಮಾತ್ರ ಆ ವಿದ್ಯೆ ಬರುವುದಿಲ್ಲ.

ಅವನು ನಗಲಿಲ್ಲ. ತನ್ನ ಊಟದ ಡಬ್ಬಿ ಹಿಡಿದು ಒಳಗೇ ಬಂದುಬಿಟ್ಟ.

"ಮೊಟ್ಟೆ ಇದೆ, ತಗೊಳ್ಳಿ."

"ನಾನು ವೀಗನ್."

"ಹಾಗಾದ್ರೆ ಬರೀ ಬ್ರೆಡ್?"

"ಗ್ರೇನ್ ಫ್ರೀ. ಅಕ್ಕಿ, ಗೋಧಿ ಮುಟ್ಟಲ್ಲ."

"ಬಾಳೆಹಣ್ಣು?"

"ಸಕ್ಕರೆ ಅಂಶ ಜಾಸ್ತಿ. ಅಲ್ಲದೆ ಸಾಯಂಕಾಲದವರೆಗೆ ನಾನು ಏನೂ ತಿನ್ನಲ್ಲ."

ಅವನು ಡಬ್ಬಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ನೀರಾದ್ರೂ ನಡೆಯತ್ತಾ ನಿಮ್ಮ ಪಂಥದಲ್ಲಿ?"

ನಗು ತುಟಿಯವರೆಗೆ ಬಂದಿತ್ತು. ಅವಳು ಅದನ್ನೂ ನುಂಗಿದಳು. ಅದೇ ಸಾಲನ್ನು ಸಿಟ್ಟಿನಿಂದ ಮತ್ತೊಮ್ಮೆ ಓದಿ ಮುಂದಿನ ಪುಟಕ್ಕೆ ಹೋದಳು.

*

ಅವಳ ಪಥ್ಯಗಳು ಒಂದೇ ದಿನ ಹುಟ್ಟಿದ್ದಲ್ಲ. ಕಾಲೇಜಿನಲ್ಲಿ ಜೊತೆಗಿದ್ದ ಗೆಳತಿ ಹಾಲು, ಮೊಟ್ಟೆ ಬಿಟ್ಟಾಗ ಇವಳೂ ಬಿಟ್ಟಳು. ಮದುವೆ ಮಾತುಕತೆಯಾಗಿದ್ದ ಹುಡುಗನಿಗೆ ಅಕ್ಕಿ, ಗೋಧಿ ಎಂದರೆ ವಿಷವಿದ್ದಂತೆ. ಆ ಹುಡುಗ ಬಿಟ್ಟುಹೋದ, ಅವನ ಪಥ್ಯ ಮಾತ್ರ ಇವಳ ಹತ್ತಿರ ಉಳಿಯಿತು! ಆಮೇಲೆ ಸಕ್ಕರೆ ಹೋಯಿತು, ಬೆಳಗಿನ ತಿಂಡಿ ಹೋಯಿತು. ಒಂದೊಂದು ಹೆಸರು ಅಂಟಿಕೊಂಡಾಗಲೂ ಒಂದೊಂದು ಮನೆಯ ಊಟದ ಕರೆ ನಿಂತಿತು. ಪಾಪ, ಅವರಾದರೂ ಏನೆಂದು ಬಡಿಸಿಯಾರು?

"ಏನೇ ಪುಟ್ಟಿ, ಈ ತಿಂಗಳು ಯಾವ ಪಂಥ?" ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು. "ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಮಲಗೋದಕ್ಕೆ ಇಂಗ್ಲಿಷಲ್ಲಿ ಒಂದು ಹೆಸರಿಟ್ಟುಬಿಟ್ರೆ ಅದು ಆರೋಗ್ಯ ಆಗ್ಬಿಡತ್ತಾ?"

"ನಂಗೆ ಹಸಿವಾಗಲ್ಲ ಅಕ್ಕ."

"ನಿಂಗೆ ಹಸಿವಾಗತ್ತೆ. ಹೇಳೋಕೆ ಬರಲ್ಲ ಅಷ್ಟೆ."

ಅಕ್ಕನಿಗೆ ಗೊತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಇಬ್ಬರೂ ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಕೆಟ್ಟವಳೇನಲ್ಲ. ಆದರೆ 'ಹಸಿವು' ಎಂಬ ಮಾತು ಅವಳಿಗೆ ದೂರಿನಂತೆ ಕೇಳಿಸುತ್ತಿತ್ತು. "ನಾನೇನು ನಿಮ್ಮನ್ನ ಉಪವಾಸ ಕೆಡವಿದೀನಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾಗಾಗಿ ಚಿಕ್ಕವಳು ಹಸಿವನ್ನು ಬಾಯಿಗೆ ತರುವುದನ್ನೇ ಬಿಟ್ಟಳು. ಅಡುಗೆಮನೆಯಿಂದ ಬೆಣ್ಣೆ ಹಾಕಿದ ಬಿಸಿ ಅನ್ನದ ಘಮ ಬಂದರೆ ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತ ಕೂರುತ್ತಿದ್ದಳು. ಹೊಟ್ಟೆಯ ಸದ್ದು ಮುಚ್ಚಲು ಶುರುವಾದ ಆ ಓದೇ ಮುಂದೆ ಅವಳ ಹೊಟ್ಟೆಪಾಡಾಯಿತು.

ಈಗ ಅವಳದೇ ಮನೆ, ಅವಳದೇ ಒಲೆ. ಒಲೆ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಹೊಸದಾಗಿ ಹೊಳೆಯುತ್ತಿತ್ತು. ತಟ್ಟೆ ಒಂದೇ ಇತ್ತು. ಎರಡನೆಯದು ಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

*

ಕಿವಿ ಆಮೇಲೆ ಒಮ್ಮೆಯೂ 'ಹೊಟ್ಟೆ' ಎನ್ನಲಿಲ್ಲ. ಓದುತ್ತಿದ್ದಂತೆ ಇದ್ದಕ್ಕಿದ್ದಂತೆ "ಸ್ವಲ್ಪ ವಿರಾಮ ಮೇಡಂ, ಮೆಷಿನ್ ಬಿಸಿಯಾಗಿದೆ" ಎನ್ನುತ್ತಿದ್ದ.

ಅದೇನು ದಿನಾ ಬಿಸಿಯಾಗುವ ಮೆಷಿನ್ನು? ಅವಳಿಗೆ ಅರ್ಥವಾಗಲು ಕೆಲವು ದಿನ ಬೇಕಾಯಿತು. ಅವನು ವಿರಾಮ ಎಂದಾಗಲೆಲ್ಲ ಅವಳ ಕೈ ತಣ್ಣಗಾಗಿರುತ್ತಿತ್ತು, ಅಕ್ಷರಗಳು ಕಣ್ಣ ಮುಂದೆ ಓಲಾಡುತ್ತಿದ್ದವು. ಅವಳ ಹಸಿವು ಅವಳಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು...!

ಆದರೆ ಹೆಡ್‌ಫೋನು ಅವಳ ಕಿವಿಯ ಮೇಲೂ ಇತ್ತಲ್ಲ! ಅವನು ಗುಂಡಿ ಒತ್ತಿ ಮಾತಾಡುವಾಗಲೆಲ್ಲ ಹಿಂದಿನಿಂದ ಬಿಸ್ಕತ್ ಪೊಟ್ಟಣದ ಸರಬರ ಸದ್ದು ಬರುತ್ತಿತ್ತು.

"ಈಗ ತಾನೇ ಊಟ ಮಾಡಿದ್ರಲ್ಲ? ಮತ್ತೆ ಬಿಸ್ಕತ್ತಾ?" ಒಂದು ದಿನ ಕೇಳಿಯೇಬಿಟ್ಟಳು.

"ಯಾಕೋ ಹಸಿವು..."

"ಅದು ಹಸಿವಲ್ಲ. ನೀವು ತಿನ್ನೋದು ನಾನು ಓದೋದು ನಿಲ್ಲಿಸಿದಾಗ ಮಾತ್ರ."

ಗಾಜಿನಾಚೆ ಅವನ ಕೈ ಪೊಟ್ಟಣದೊಳಗೇ ನಿಂತಿತು. "ಮನೇಲಿ ಮಾತಾಡೋರು ಯಾರೂ ಇಲ್ಲ ಮೇಡಂ. ಬಾಯಿಗೆ ಏನಾದ್ರೂ ಕೆಲಸ ಬೇಕಲ್ಲ," ಎಂದು ಪೆಚ್ಚಾಗಿ ನಕ್ಕ.

ಇವಳು ಹಸಿದರೂ ತಿನ್ನದವಳು, ಅವನು ಹಸಿಯದೆಯೂ ತಿನ್ನುವವನು. ಒಳ್ಳೇ ಜೋಡಿ!

ಒಂದು ವಿರಾಮದಲ್ಲಿ ಅವನು ಎದುರು ಕೂತು ಮೆಲ್ಲಗೆ ಕೇಳಿದ. "ನೀವು ಏನು ತಿನ್ನಲ್ಲ ಅಂತ ನಂಗೆ ಬಾಯಿಪಾಠ ಆಗಿದೆ. ಏನು ತಿನ್ನಬೇಕು ಅನ್ಸತ್ತೆ ನಿಮಗೆ?"

ಅವಳು ಬಾಯಿ ತೆರೆದಳು. ಅಷ್ಟು ಸಣ್ಣ ಪ್ರಶ್ನೆಗೆ ಕಣ್ಣು ತುಂಬಿ ಬರುವುದೆಂದರೇನು?

"ಗೊತ್ತಿಲ್ಲ... ನಿಜವಾಗ್ಲೂ ಗೊತ್ತಿಲ್ಲ."

"ಪರವಾಗಿಲ್ಲ. ಅವಸರ ಇಲ್ಲ. ಕೇಳ್ತಾ ಇರಿ, ಅದೇ ಹೇಳತ್ತೆ," ಎಂದ. ಡಬ್ಬಿಯಲ್ಲಿದ್ದ ಬೇಯಿಸಿದ ಆಲೂಗಡ್ಡೆಯೊಂದನ್ನು ಬಿಸಿಬಿಸಿಯಾಗಿ ಮುರಿದು, ಉಪ್ಪು ಉದುರಿಸಿ, ಅರ್ಧವನ್ನು ಅವಳ ಮುಂದಿಟ್ಟು ಹೊರಗೆ ಹೋದ. ತಿಂದಳೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.

ಅವಳು ತಿಂದಳು. ಬೆರಳಿಗಂಟಿದ ಉಪ್ಪನ್ನೂ ಬಿಡಲಿಲ್ಲ.

*

ಪುಸ್ತಕ ಬಿಡುಗಡೆಗೆ ಮೊದಲು ಪ್ರಕಾಶಕರ ಕಚೇರಿಯಲ್ಲಿ ಎಲ್ಲರೂ ಕೂತು ಮೊದಲ ಅಧ್ಯಾಯ ಕೇಳುವುದು ರೂಢಿ. ಅಂದು ಅವಳು ಇಷ್ಟದ ನೀಲಿ ಬಟ್ಟೆ ತೊಟ್ಟಿದ್ದಳು. ಯಾರಿಗಾಗಿ ಎಂದು ನೀವು ಕೇಳಬೇಡಿ, ಅವಳು ಒಪ್ಪುವುದಿಲ್ಲ.

ಕೋಣೆ ತುಂಬ ಅವಳದೇ ದನಿ. "ಅವಳು ನಿನ್ನೆಯಿಂದ ಏನೂ ತಿಂದಿರಲಿಲ್ಲ. ತಿಂದೆಯಾ ಎಂದು ಯಾರೂ ಕೇಳಿಯೂ ಇರಲಿಲ್ಲ..."

ಗುರ್ರ್...

ಅವಳ ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು.

"ಆಹಾ! ಎಂಥ ಎಫೆಕ್ಟು ಕಣಯ್ಯ!" ಪ್ರಕಾಶಕರು ಕುರ್ಚಿಯಿಂದಲೇ ಎದ್ದರು. "ಎಲ್ಲಿಂದ ತಂದೆ ಇದನ್ನ?"

ಕಿವಿ ಹೆಮ್ಮೆಯಿಂದ ಉಬ್ಬಿಹೋಗಿದ್ದ. "ಎಫೆಕ್ಟ್ ಅಲ್ಲ ಸಾರ್! ಮೇಡಂದೇ ಹೊಟ್ಟೆ!"

ಮರುಕ್ಷಣ ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, "ಸಂಬಳ ಜಾಸ್ತಿ ಮಾಡಿ ಸಾರ್, ಪಾಪ, ಹೊಟ್ಟೆಗಿಲ್ಲ ಅವರಿಗೆ!" ಎಂದರು.

ಅವಳು ಚೀಲ ಎತ್ತಿಕೊಂಡು ಹೊರಗೆ ನಡೆದಳು. ಅವನು ಮೆಟ್ಟಿಲ ಹತ್ತಿರ ಓಡಿಬಂದ.

"ಏನಾಯ್ತು? ಅದೆಷ್ಟು ಚೆನ್ನಾಗಿತ್ತು... ಅಷ್ಟು ನಿಜವಾದ ಸದ್ದು ನಾನು ಇದುವರೆಗೆ..."

"ನಿಜ! ಆದರೆ ಅದು ಯಾರ ನಿಜ? ನನ್ನದು! ಹುಟ್ಟಿದಾಗಿನಿಂದ ಅಕ್ಕನಿಗೂ ಬಾಯಿಬಿಟ್ಟು ಹೇಳದೇ ಇರೋದನ್ನ ನೀವು ಊರಿಗೆಲ್ಲ ಕೇಳಿಸಿದ್ರಿ. ಇಟ್ಕೊಳ್ಳಲಾ ಅಂತ ಒಂದು ಮಾತು ಕೇಳಿದ್ರಾ ನನ್ನನ್ನ?"

ಅವನ ಮುಖ ಬಿಳುಚಿಕೊಂಡಿತು.

"ಎಲ್ಲರಿಗಿಂತ ಚೆನ್ನಾಗಿ ಕೇಳಿಸ್ಕೊಳ್ಳೋರು ನೀವು ಅಂದ್ಕೊಂಡಿದ್ದೆ," ಎಂದು ಅವಳು ಇಳಿದು ಹೋದಳು.

*

ಹೊಸ ಸ್ಟುಡಿಯೋದಲ್ಲಿ ಅವಳಿಗೊಂದು ದಿಂಬು ಕೊಟ್ಟರು. "ಹೊಟ್ಟೆಗೆ ಒತ್ತಿ ಹಿಡ್ಕೊಳ್ಳಿ ಮೇಡಂ, ಸದ್ದು ಬರಲ್ಲ. ಎಲ್ಲರೂ ಹಾಗೇ ಮಾಡೋದು."

ಅವಳು ದಿಂಬು ಅವುಚಿಕೊಂಡು ಓದಿದಳು. ಯಾರೂ ತಡೆಯಲಿಲ್ಲ. ಯಾವ ಮೆಷಿನ್ನೂ ಬಿಸಿಯಾಗಲಿಲ್ಲ. ಕೈ ತಣ್ಣಗಾಯಿತು, ಅಕ್ಷರ ಓಲಾಡಿದವು, ಆದರೂ ಓದುತ್ತಲೇ ಹೋದಳು. ಹೊರಬರುವಾಗ "ಸೂಪರ್ ಮೇಡಂ, ಒಂದೂ ತೊಂದರೆ ಇಲ್ಲ!" ಎಂದರು.

ಒಂದೂ ತೊಂದರೆ ಇಲ್ಲ... ನಾನು ಹುಟ್ಟಿದ್ದೇ ಯಾರಿಗೂ ತೊಂದರೆ ಕೊಡದೆ ಸಾಯೋಕಾ?

ಮನೆಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತಳು. ಸಂಜೆಯ ಬಿಸಿಲು ಒಲೆಯ ಮೇಲೆ ಬಿದ್ದಿತ್ತು. ಎದುರುಮನೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಅವಳು ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು, ಅಳುವ ಮಗುವನ್ನು ತಟ್ಟುವಂತೆ.

"ಏನು ಬೇಕೇ ನಿಂಗೆ?"

ಉತ್ತರ ಬಂತು! ಬಿಸಿ ಅನ್ನ. ಬೆಣ್ಣೆ. ದೊಡ್ಡಮ್ಮನ ಅಡುಗೆಮನೆಯ ಅದೇ ಘಮ. ಇಷ್ಟು ವರ್ಷ ಅದು ಅಲ್ಲೇ ಕೂತು ಕಾಯುತ್ತಿತ್ತು.

ಕೆಳಗಿನ ಅಂಗಡಿಗೆ ಓಡಿ ಅಕ್ಕಿ, ಬೆಣ್ಣೆ ತಂದಳು. ತಳ ಸ್ವಲ್ಪ ಹೊತ್ತಿತು. ಪಂಥಗಳೆಲ್ಲ ಗಂಟು ಕಟ್ಟಿಕೊಂಡು ಹೋದವೇನೋ, ಒಂದೂ ಅಡ್ಡ ಬರಲಿಲ್ಲ. ನೆಲದ ಮೇಲೆ ಕೂತು, ಕಣ್ಣೀರು ಒರೆಸಿಕೊಳ್ಳುತ್ತ, ಹೊಟ್ಟೆ 'ಸಾಕು' ಎನ್ನುವವರೆಗೆ ಉಂಡಳು.

ಹೊಟ್ಟೆ ತುಂಬಿತು. ಆದರೂ ಏನೋ ಒಂದು ಖಾಲಿಯಾಗಿಯೇ ಉಳಿಯಿತು. ಎದುರಿನ ನೆಲ ಬರಿದಾಗಿತ್ತು.

ಅದು ಹಸಿವಲ್ಲ ಎಂದು ಅವನಿಗೆ ಹೇಳಿದವಳು ಅವಳೇ ಅಲ್ಲವೇ?

*

ಕೆಲವು ದಿನ ಕಳೆದು ಪ್ರಕಾಶಕರ ಫೋನು ಬಂತು.

"ನಮ್ಮ ಕಿವಿಗೆ ಏನೋ ಹಿಡಿದಿದೆ ಕಣ್ರಮ್ಮ! ಆ ಎಫೆಕ್ಟು ತೆಗೀದೆ ಪುಸ್ತಕ ಬಿಡಲ್ಲ ಅಂತ ಕೂತಿದಾನೆ. ಅವತ್ತು ನಕ್ಕೋರ ಮುಂದೆಲ್ಲ ನಿಂತು, 'ನಗೋದಾದ್ರೆ ನನ್ನ ನೋಡಿ ನಗಿ, ಕೇಳದೆ ಹಾಕಿದ್ದು ನಾನು' ಅಂದ. ಆ ಸದ್ದು ನಿಮ್ಮ ಕೊನೇ ಮಾತಿನ ಮೇಲೇ ಕೂತಿದೆಯಂತೆ, ಕತ್ತರಿಸಿದ್ರೆ ಮಾತೂ ಹೋಗತ್ತೆ. ಎರಡನೇ ಸಲ ಓದಿದ್ದರಲ್ಲಿ ಬರೀ ಸಿಟ್ಟಿದೆಯಂತೆ! ಬಂದು ಆ ಒಂದು ಸಾಲು ಓದಿಕೊಟ್ಟು ಹೋಗ್ತೀರಾ?"

ಅವಳು ಹೋದಳು.

ಕಿವಿ ಗಾಜಿನಾಚೆ ಎದ್ದು ನಿಂತ. ಇಳಿದುಹೋಗಿದ್ದ. ಮೇಜಿನ ಮೇಲೆ ಒಂದೂ ಪೊಟ್ಟಣವಿರಲಿಲ್ಲ.

"ಬಿಸ್ಕತ್ ಎಲ್ಲಿ?" ಅವಳೇ ಮೊದಲು ಕೇಳಿದಳು.

"ಬಿಟ್ಟೆ. ನೀವು ಹೇಳಿದ್ದು ಸರಿ, ಅದು ಹಸಿವಲ್ಲ. ನೀವು ಹೋದ ಮೇಲೆ ಎಷ್ಟು ತಿಂದ್ರೂ ತುಂಬಲಿಲ್ಲ..." ಅವನು ಖಾಲಿ ಮೇಜಿನ ಕಡೆ ನೋಡಿದ. "ತಪ್ಪಾಯ್ತು ಮೇಡಂ. ಸದ್ದು ಚೆನ್ನಾಗಿದೆ ಅನ್ನೋದಷ್ಟೇ ಕೇಳಿಸ್ತು ನಂಗೆ. ಅದನ್ನ ಇಷ್ಟು ವರ್ಷ ಮುಚ್ಚಿಟ್ಟೋರ ನೋವು ಕೇಳಿಸಲಿಲ್ಲ."

ಅವಳು ಮೈಕಿನ ಮುಂದೆ ಕೂತಳು. ಕೆಂಪು ದೀಪ ಹತ್ತಿತು.

"ಅವಳು ನಿನ್ನೆಯಿಂದ ಏನೂ ತಿಂದಿರಲಿಲ್ಲ. ತಿಂದೆಯಾ ಎಂದು ಯಾರೂ ಕೇಳಿಯೂ ಇರಲಿಲ್ಲ."

ಈ ಸಲ ಯಾವ ಸದ್ದೂ ಬರಲಿಲ್ಲ. ಸಿಟ್ಟೂ ಇರಲಿಲ್ಲ. ಅವನು ಹೆಬ್ಬೆರಳೆತ್ತಿದ. ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು.

ಅವಳು ಏಳಲಿಲ್ಲ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಮೈಕಿನ ಹತ್ತಿರಕ್ಕೆ ಬಾಗಿದಳು. ಎಷ್ಟೋ ಪುಸ್ತಕ ಓದಿದ ಆ ಬಾಯಿಗೆ ಮುಂದಿನ ಎರಡು ಮಾತು ತರುವುದು ಎಷ್ಟು ಕಷ್ಟವಾಯಿತೆಂದರೆ, ಎರಡು ಸಲ ಉಗುಳು ನುಂಗಿದಳು.

"ನನಗೆ... ಹಸಿವಾಗಿದೆ."

ಗಾಜಿನಾಚೆ ಅವನು ಮಾತಿನ ಗುಂಡಿ ಒತ್ತಿದ. ಅವನ ದನಿ ಮೆಲ್ಲಗೆ ಅವಳ ಹೆಡ್‌ಫೋನಿಗೆ ಬಂತು.

"ಹೊಟ್ಟೆ ಹಸಿವಾ? ಅಥವಾ... ನಂಗಾಗತ್ತಲ್ಲ, ಆ ಇನ್ನೊಂದಾ?"

"ಎರಡೂ."

"ಏನು ತಿನ್ನಬೇಕು ಅನ್ಸ್ತಿದೆ?"

"ಬಿಸಿ ಅನ್ನ, ಬೆಣ್ಣೆ. ನಾನೇ ಮಾಡ್ತೀನಿ, ತಳ ಹೊತ್ತಿದ್ರೂ ಸುಮ್ನೆ ತಿನ್ಬೇಕು. ಆದ್ರೆ ಮನೇಲಿ ತಟ್ಟೆ ಒಂದೇ ಇದೆ..."

"ನನ್ನ ಡಬ್ಬಿ ಇದೆಯಲ್ಲ!"

ಅವಳು ನಕ್ಕಳು. ಈ ಸಲ ನಗುವನ್ನು ನುಂಗಲಿಲ್ಲ. ಅವನೂ ನಕ್ಕ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಮೆಷಿನ್ ನಿಲ್ಲಿಸಲು ಹೋದ ಅವನ ಬೆರಳು ಗುಂಡಿಯ ಮೇಲೆ ತಡೆಯಿತು.

"ಮೇಡಂ... ಈಗ ಹೇಳಿದ್ದೆಲ್ಲ ರೆಕಾರ್ಡ್ ಆಗಿದೆ. ಅಳಿಸಿಬಿಡಲಾ?"

ಅವಳು ಗಾಜಿನ ಮೂಲಕ ಅವನನ್ನೇ ನೋಡಿದಳು. ಕೇಳಿದ... ಈ ಸಲ ಕೇಳಿದ!

"ಬೇಡ. ಇಟ್ಕೊಳ್ಳಿ," ಎಂದಳು. "ಆದ್ರೆ ನೀವೊಬ್ರೇ ಕೇಳ್ಬೇಕು."