ಅಳಿಸಿಹೋದ ಕೈಮಾತು

"ಸರ್ವೇಯರಮ್ಮ ಇದಾರಾ? ನಮ್ಮಮ್ಮನ ಕೈಗಳನ್ನ ಯಾರೋ ಅಳಿಸಿಹಾಕಿದಾರೆ."

ಬಾಗಿಲು ತೆರೆದ ಮೈದುನನಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಎದುರಿಗೆ ನಿಂತಿದ್ದವರು ಹಿಂದಿನ ಬೀದಿಯ ಟೀಚರಮ್ಮ. ಕಿವುಡ ಮಕ್ಕಳ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಹೇಳಿ ನಿವೃತ್ತರಾದವರು. ಬಲಗಾಲಿನಲ್ಲಿ ಒಂದು ಬಣ್ಣದ ಚಪ್ಪಲಿ, ಎಡಗಾಲಿನಲ್ಲಿ ಇನ್ನೊಂದು. ಅವರಿಗೆ ಅದರ ಪರಿವೆಯೂ ಇರಲಿಲ್ಲ.

ಮೈದುನನನ್ನು ಬೀದಿಯವರೆಲ್ಲ ಮೈದುನ ಎಂದೇ ಕರೆಯುತ್ತಿದ್ದರು. ಅಣ್ಣ ತೀರಿಕೊಂಡ ಮೇಲೂ ಅವನು ಅತ್ತಿಗೆಯ ಮನೆಯಲ್ಲೇ ಉಳಿದಿದ್ದ. ಅತ್ತಿಗೆ ಹೋದಲ್ಲೆಲ್ಲ ಟಾರ್ಚು ಹಿಡಿದು ಹಿಂದೆ ಹೋಗುತ್ತಿದ್ದ. ಅತ್ತಿಗೆ ವಿಮಾ ಕಂಪನಿಯಲ್ಲಿ ನಷ್ಟದ ಸರ್ವೇಯರ್ ಆಗಿದ್ದವರು. ಸುಟ್ಟ ಗೋದಾಮಿನೊಳಗೆ ಹೊಕ್ಕು, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಬೂದಿ ಕೆದಕಿ ಹೇಳುತ್ತಿದ್ದರು. ಈಗ ಅಕ್ಕಪಕ್ಕದವರ ಬೂದಿ ಕೆದಕುವ ಕೆಲಸ ತಾನಾಗಿ ಅವರ ಮನೆಬಾಗಿಲಿಗೆ ಬರುತ್ತಿತ್ತು.

"ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದರು ಅತ್ತಿಗೆ.

ಟೀಚರಮ್ಮನ ತಾಯಿ ಹುಟ್ಟು ಕಿವುಡಿ, ಮಾತೂ ಇಲ್ಲ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಕೈಮಾತು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಬೆಳೆದದ್ದು. ತಾಯಿ ತೀರಿಕೊಳ್ಳುವ ಮುಂಚೆ ಟೀಚರಮ್ಮ ಅವರನ್ನು ಕೂರಿಸಿ, ಅವರ ಬದುಕಿನ ಕತೆಯನ್ನು ಅವರ ಕೈಗಳಿಂದಲೇ ಹೇಳಿಸಿ ವಿಡಿಯೋ ಮಾಡಿಕೊಂಡಿದ್ದರು. ಆಮೇಲೆ ಅಂಥ ಬೇರೆ ಮುದುಕಿಯರನ್ನೂ ಹುಡುಕಿಕೊಂಡು ಹೋಗಿ ಅವರ ಕೈಮಾತನ್ನೂ ಹಿಡಿದಿಟ್ಟಿದ್ದರು. ಅದನ್ನೆಲ್ಲ ಶಾಲೆಯ ಸಭಾಂಗಣದಲ್ಲಿ ಮೊದಲ ಸಲ ತೋರಿಸುವ ದಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಖಾಲಿ.

"ಇನ್ನೊಂದು ಪ್ರತಿ?"

"ಇಲ್ಲ. ಹಳೇ ಕಂಪ್ಯೂಟರ್ ಗುಜರಿಗೆ ಹೋಯ್ತು. ಇಂಟರ್ನೆಟ್ಟಿಗೆ ಹಾಕಲ್ಲ, ಮನೆಯಿಂದ ಆಚೆ ಬಿಡಲ್ಲ ಅಂತ ಆ ಅಜ್ಜಿಯರಿಗೆಲ್ಲ ಮಾತು ಕೊಟ್ಟಿದ್ದೆ. ಕಂಪ್ಯೂಟರ್ ಅಂಗಡಿಯವನು ತಡಕಾಡಿ ನೋಡಿ ಕೈಚೆಲ್ಲಿದ. ಬೇಕೂಂತಲೇ ಬುಡಸಮೇತ ಅಳಿಸಿದಾರೆ ಅಂದ."

"ಯಾರ ಮೇಲೆ ಅನುಮಾನ?"

ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಚಿಟ್ಟೆ ಅಂತಿದಾರೆ ಎಲ್ಲರೂ. ನನ್ನ ಬಾಯಲ್ಲೂ ಬಂದುಬಿಡ್ತು. ಬ್ಯಾಗು ಎತ್ಕೊಂಡು ಹೋಗಿಬಿಟ್ಟಳು."

ಚಿಟ್ಟೆ ಅವರ ಹಳೆಯ ವಿದ್ಯಾರ್ಥಿನಿ. ಏನೂ ಕೇಳಿಸದು; ಆದರೆ ಮಾತಾಡಲು ಕೂತರೆ ಕೈಗಳು ರೆಕ್ಕೆ ಬಡಿದಂತೆ ಹಾರುತ್ತಿದ್ದವು, ಅದಕ್ಕೇ ಆ ಹೆಸರು. ಟೀಚರಮ್ಮನ ಜೊತೆಯಲ್ಲೇ ಇದ್ದು ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದಳು. ಅವಳ ಬಾಲ್ಯದ, ಅಳುತ್ತಿರುವ ಒಂದು ತುಣುಕೂ ಅದರಲ್ಲಿತ್ತು. ಅದನ್ನು ತೆಗೆಯಿರಿ ಎಂದು ಅವಳು ಹಟ ಹಿಡಿದಿದ್ದಳು, ಟೀಚರಮ್ಮ ಒಪ್ಪಿರಲಿಲ್ಲ. ವಿಡಿಯೋ ಅಳಿಸಿಹೋದ ಹಿಂದಿನ ದಿನ ಅದೇ ಜಗಳ.

ಮರುದಿನ ಬೆಳಿಗ್ಗೆ ಮನೆಯಲ್ಲಿದ್ದವಳು ಚಿಟ್ಟೆ ಒಬ್ಬಳೇ. ಊಟದ ಹೊತ್ತಿಗೆ ಲೈನ್ ರಿಪೇರಿಗೆಂದು ಕರೆಂಟು ತೆಗೆದರು. ಅವಳು ಬೀಗ ಹಾಕಿಕೊಂಡು ಶಾಲೆಗೆ ಹೋಗಿ ಟೀಚರಮ್ಮನನ್ನು ಸೇರಿಕೊಂಡಳು. ಸಂಜೆ ಇಬ್ಬರೂ ವಾಪಸು ಬಂದಾಗ ಕರೆಂಟು ಆಗಷ್ಟೇ ಬಂದಿತ್ತು. ತೆರೆದು ನೋಡಿದರೆ ಏನೂ ಇಲ್ಲ.

"ಮಧ್ಯಾಹ್ನ ಮನೆಗೆ ಯಾರೂ ಬರಲಿಲ್ವಾ?"

"ನನ್ನ ತಮ್ಮ ಬಂದಿದ್ದನಂತೆ. ಅವನ ಹತ್ರ ಒಂದು ಕೀಲಿಕೈ ಇದೆ. ಸೆಕೆಗೆ ಸ್ವಲ್ಪ ಹೊತ್ತು ಹಾಲ್‌ನಲ್ಲಿ ಕೂತು ಎದ್ದು ಹೋದೆ, ಕಂಪ್ಯೂಟರ್ ಕೋಣೆ ಕಡೆ ಹೋಗಲೇ ಇಲ್ಲ ಅಂದ. ಕರೆಂಟಿಲ್ಲದೆ ಕಂಪ್ಯೂಟರ್ ಹೇಗೆ ನಡೆಯುತ್ತೆ? ಬೆಳಿಗ್ಗೆಯೇ ಆಗಿರಬೇಕು ಅಂತ ಅವನೇ ಹೇಳಿದ್ದು."

ತಮ್ಮ ಯಾರೆಂದು ಮೈದುನನಿಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನ ಪ್ರಿನ್ಸಿಪಾಲರು. ಮಾತಿಲ್ಲದ ತಾಯಿ ತನ್ನನ್ನು ಹೇಗೆ ಬೆಳೆಸಿದಳು ಎಂದು ಅವರು ವೇದಿಕೆಯ ಮೇಲೆ ಹೇಳತೊಡಗಿದರೆ ಸಭೆಯಲ್ಲಿ ಕರವಸ್ತ್ರಗಳು ಹೊರಬರುತ್ತಿದ್ದವು. ಒಮ್ಮೆ ಮೈದುನನೂ ಕಣ್ಣೊರೆಸಿಕೊಂಡು ಬಂದಿದ್ದ. ಶಾಲೆಯ ಕಾರ್ಯಕ್ರಮಕ್ಕೂ ಅವರೇ ಮುಖ್ಯ ಅತಿಥಿ.

ಟೀಚರಮ್ಮನ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರ್ ಎಲ್ಲಿದೆ ಎಂದು ಮೈದುನ ಹುಡುಕಬೇಕಾಯಿತು. ಟಿಫಿನ್ ಡಬ್ಬಿಯ ಮುಚ್ಚಳದಷ್ಟು ದೊಡ್ಡದೊಂದು ಪೆಟ್ಟಿಗೆ ಪರದೆಯ ಬೆನ್ನಿಗೆ ಅಂಟಿಕೊಂಡಿತ್ತು. ಸದ್ದಿಲ್ಲ, ಫ್ಯಾನಿಲ್ಲ.

"ಇದನ್ನ ಆಯ್ದು ಕೊಡಿಸಿದ್ದು ಯಾರು?" ಎಂದರು ಅತ್ತಿಗೆ.

"ತಮ್ಮನೇ. ಹಳೇದು ಹಿಟ್ಟಿನ ಗಿರಣಿ ಥರ ಗುರ್ ಅಂತಿತ್ತು, ಕೋಣೆಯೆಲ್ಲ ಬಿಸಿ. ಕರೆಂಟೂ ಸಿಕ್ಕಾಪಟ್ಟೆ ಕುಡೀತಿತ್ತು. ಅಂಗಡಿಯವನು ದೊಡ್ಡದನ್ನೇ ತಗೊಳ್ಳಿ ಅಂತ ದುಂಬಾಲು ಬಿದ್ದ. ಇವನು ಬಿಡಲಿಲ್ಲ. 'ಅಕ್ಕ, ನೀನೇನು ರಾಕೆಟ್ ಹಾರಿಸ್ತೀಯಾ? ವಿಡಿಯೋ ನೋಡ್ತೀಯ, ನಾಲ್ಕು ಅಕ್ಷರ ಟೈಪ್ ಮಾಡ್ತೀಯ, ಪೇಪರ್ ಓದ್ತೀಯ. ಅದಕ್ಕೆ ಆನೆ ಯಾಕೆ? ಮೆಮೊರಿ ಸಾಕಷ್ಟಿರಲಿ, ಫ್ಯಾನ್ ಇಲ್ಲದ್ದಾಗಲಿ, ಕರೆಂಟು ಒಂದು ಬಲ್ಬಿನಷ್ಟು ತಿಂದರೆ ಹೆಚ್ಚು' ಅಂದ. ಮಧ್ಯಾಹ್ನವೆಲ್ಲ ಕೂತು ಹಳೇದರಿಂದ ಎಲ್ಲ ತುಂಬಿಸಿ, ಪಾಸ್‌ವರ್ಡ್ ಹಾಕಿಕೊಟ್ಟ. ಅವನಿಗೆ ನನ್ನ ಮೇಲೆ ಅಷ್ಟು ಕಾಳಜಿ."

ಮೇಜಿನ ಕೆಳಗೆ ಹಳೆಯ ಯುಪಿಎಸ್ ಇತ್ತು. ಕರೆಂಟು ಹೋದಾಗ ಕಂಪ್ಯೂಟರನ್ನು ಹಿಡಿದುಕೊಳ್ಳುವ ಬ್ಯಾಟರಿ ಪೆಟ್ಟಿಗೆ. ಅತ್ತಿಗೆ ಅದನ್ನು ತೋರಿಸಿ, "ಇದು?" ಎಂದರು.

"ಹಳೇ ಕಂಪ್ಯೂಟರಿಗೆ ಹಾಕಿದ್ದು. ಕರೆಂಟ್ ಹೋದರೆ ಪೀಂ ಪೀಂ ಅಂತ ಪ್ರಾಣ ಹೋಗೋ ಹಾಗೆ ಕಿರುಚುತ್ತೆ. ಓಡಿಬಂದು ಆಫ್ ಮಾಡದಿದ್ದರೆ ಎಲ್ಲ ಡಮಾರ್. ಹೊಸದು ಬಂದ ಮೇಲೂ ಒಂದ್ಸಲ ಹೋಗಿತ್ತಲ್ಲ, ಆಗಲೂ ಕಿರುಚಿಕೊಳ್ತು. ಅಡುಗೆಮನೆಯಿಂದ ಓಡಿಬಂದು ಆಫ್ ಮಾಡಿದೆ."

"ಅದಾದ ಮೇಲೆ ಮತ್ತೆ ಕರೆಂಟ್ ಹೋಗಿದ್ದು?"

"ವಿಡಿಯೋ ಹೋದ ದಿನ ಮಧ್ಯಾಹ್ನವೇ."

ಅತ್ತಿಗೆ ಕಂಪ್ಯೂಟರ್ ಆನ್ ಮಾಡಿ ಮೈದುನನ ಕಡೆ ತಿರುಗಿದರು. "ಗೋಡೆಯಿಂದ ಯುಪಿಎಸ್ ಪ್ಲಗ್ ತೆಗಿ."

ಅವನು ತೆಗೆದ. ಪರದೆ ಆರಲಿಲ್ಲ. ಟೀಚರಮ್ಮ ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡಿದ್ದವರು ಮೆಲ್ಲಗೆ ಕೈ ಇಳಿಸಿದರು. "ಅಯ್ಯೋ, ಕೂಗೇ ಇಲ್ಲ. ಇದೂ ಕೆಟ್ಟುಹೋಯ್ತಾ?"

ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತರು. ಕಾಫಿ ಬಂತು, ಕುಡಿದರು. ತಾಯಿಯ ಬಗ್ಗೆ ಕೇಳಿದರು, ತಮ್ಮನ ಬಾಲ್ಯದ ಬಗ್ಗೆ ಕೇಳಿದರು. ಲೋಟ ತಣ್ಣಗಾದರೂ ಪರದೆ ಬೆಳಗುತ್ತಲೇ ಇತ್ತು.

"ಅಮ್ಮನ ವಿಡಿಯೋ ತಮ್ಮನೂ ನೋಡಿದ್ರಾ?"

"ಇಲ್ಲ. ಅಮ್ಮ ನಿನ್ನ ಬಗ್ಗೆಯೂ ಹೇಳಿದಾಳೆ ಕಣೋ, ವೇದಿಕೆ ಮೇಲೇ ನೋಡು, ಅಲ್ಲಿವರೆಗೂ ಗುಟ್ಟು ಅಂತ ರೇಗಿಸ್ತಿದ್ದೆ." ಮೊದಲ ಸಲ ಅವರ ಮುಖದಲ್ಲಿ ನಗು ಸುಳಿದು ಹೋಯಿತು.

ಅಲ್ಲಿಂದ ಅವರು ಚಿಟ್ಟೆ ಇದ್ದ ಹಾಸ್ಟೆಲಿಗೆ ಹೋದರು. ಅವಳ ಕಣ್ಣು ಊದಿಕೊಂಡಿತ್ತು. ಅತ್ತಿಗೆ ತಮ್ಮ ಫೋನಿನಲ್ಲಿ ಪ್ರಶ್ನೆ ಬರೆದರು. ಅವಳು ಅದರಲ್ಲೇ ಉತ್ತರ ಬರೆದಳು. ದೀಪ ಆರಿದ್ದು ನೋಡಿ, ಟೀಚರ್ ಹೇಳಿಕೊಟ್ಟಂತೆ ಕಂಪ್ಯೂಟರ್ ಆಫ್ ಮಾಡಿ ಹೊರಟೆ, ಎಂದಳು.

'ಯುಪಿಎಸ್ ಕೂಗೋದನ್ನ ನಿಲ್ಲಿಸಿದ್ದು ನೀನಾ?' ಎಂದು ಅತ್ತಿಗೆ ಬರೆದರು.

ಚಿಟ್ಟೆ ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಬರೆದಳು: 'ಅದು ಕೂಗುತ್ತಾ?'

ಕಂಪ್ಯೂಟರ್ ಅಂಗಡಿಯಲ್ಲಿ ಅತ್ತಿಗೆ ಕೇಳಿದ್ದು ಒಂದೇ ಮಾತು. ಅಂಗಡಿಯವನು ಉತ್ತರ ಕೊಟ್ಟ. ವಾಪಸು ಬರುವ ದಾರಿಯುದ್ದಕ್ಕೂ ಮೈದುನ ಚಿಟ್ಟೆಯೇ ಮಾಡಿರಲಿ ಎಂದು ಹಾರೈಸಿದ. ಹಾಗೆ ಹಾರೈಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವೂ ಆಯಿತು.

ಮರುದಿನ ಸಂಜೆ ಟೀಚರಮ್ಮನ ಮನೆಯ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಪ್ರಿನ್ಸಿಪಾಲರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಸೋಫಾದ ಮಧ್ಯೆ ಕೂತಿದ್ದರು. ಚಿಟ್ಟೆ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಬ್ಯಾಗನ್ನು ತೊಡೆಯಿಂದ ಇಳಿಸದೆ ಕೂತಿದ್ದಳು.

"ಪೊಲೀಸರಿಗೆ ಹೇಳೋದು ಬೇಡ ಅಂತ ಅಕ್ಕನಿಗೆ ನಾನೇ ಹೇಳಿದೆ," ಎಂದರು ಪ್ರಿನ್ಸಿಪಾಲರು. "ತಿಳಿಯದ ಹುಡುಗಿ. ಸಿಟ್ಟಿನಲ್ಲಿ ಮಾಡಿದಾಳೆ, ಬಿಟ್ಟುಬಿಡೋಣ."

"ಬಿಡೋಣ. ಮೊದಲು ಯಾವಾಗ ಆಯ್ತು ಅನ್ನೋದನ್ನ ನೋಡೋಣ," ಎಂದರು ಅತ್ತಿಗೆ. "ಕರೆಂಟಿಲ್ಲದಾಗ ಕಂಪ್ಯೂಟರ್ ನಡೆಯಲ್ಲ, ಆದ್ದರಿಂದ ಬೆಳಿಗ್ಗೆಯೇ ಆಗಿರಬೇಕು. ಎಲ್ಲರೂ ಇದನ್ನೇ ನಂಬಿದ್ರಿ. ಹಳೇ ಕಂಪ್ಯೂಟರಿಗೆ ಈ ಮಾತು ಸರಿ. ಅದರ ಹೊಟ್ಟೆಗೆ ಈ ಯುಪಿಎಸ್ ಎರಡು ತುತ್ತಿಗೂ ಸಾಲ್ತಿರಲಿಲ್ಲ. ಆದರೆ ಹೊಸದು ತಿನ್ನೋದು ಬಲ್ಬಿನಷ್ಟು. ಅದೇ ಯುಪಿಎಸ್, ಅದೇ ಬ್ಯಾಟರಿ, ಗಂಟೆಗಟ್ಟಲೆ ಹಿಡಿದುಕೊಳ್ಳುತ್ತೆ. ನಾನು ಪ್ಲಗ್ ತೆಗೆಸಿ ಕಾಫಿ ಕುಡಿದು ನೋಡಿದೆ."

"ಅದು ನನಗೆ ಗೊತ್ತೇ ಇರಲಿಲ್ಲ," ಎಂದರು ಟೀಚರಮ್ಮ.

"ನಿಮಗೆ ಗೊತ್ತಾಗೋಕೆ ಅವಕಾಶವೇ ಇರಲಿಲ್ಲ. ಕೂಗಿದ ತಕ್ಷಣ ಓಡಿಬಂದು ಆಫ್ ಮಾಡ್ತಿದ್ರಿ. ಗೊತ್ತಿದ್ದವರು ಒಬ್ಬರೇ. ಇರೋ ಯುಪಿಎಸ್ ಮೇಲೆ ಇದು ಎಷ್ಟು ಹೊತ್ತು ನಡೆಯುತ್ತೆ ಅಂತ ಅಂಗಡಿಯಲ್ಲಿ ಕೇಳಿದವರು. ಒಂದು ಸಿನಿಮಾ ಪೂರ್ತಿ ನೋಡಬಹುದು ಸಾರ್ ಅಂತ ಅಂಗಡಿಯವನು ಅವರಿಗೆ ಹೇಳಿದ್ದನಂತೆ. ಆದರೂ ಅವರೇ ಬಂದು, ಕರೆಂಟಿಲ್ಲದೆ ಹೇಗೆ ನಡೆಯುತ್ತೆ ಅಂತ ಅಕ್ಕನನ್ನ ಕೇಳ್ತಾರೆ."

ಪ್ರಿನ್ಸಿಪಾಲರು ಕಾಲ ಮೇಲಿನ ಕಾಲು ಇಳಿಸಿದರು. "ನಡೆಯಬಹುದಿತ್ತು ಅಂದ ಮಾತ್ರಕ್ಕೆ ನಾನು ನಡೆಸಿದೆ ಅಂತಾಗುತ್ತಾ? ಬೆಳಿಗ್ಗೆ ಅವಳೂ ಅಳಿಸಬಹುದಿತ್ತಲ್ಲ?"

"ಅಳಿಸಬಹುದಿತ್ತು. ಅದಕ್ಕೇ ಕೂಗಿನ ವಿಷಯಕ್ಕೆ ಬರ್ತೀನಿ. ಅದಕ್ಕೂ ಮುಂಚೆ ಕರೆಂಟ್ ಹೋದಾಗ ಆ ಪೆಟ್ಟಿಗೆ ಕಿರುಚಿದ್ದನ್ನ ನಿಮ್ಮಕ್ಕ ಕೇಳಿದಾರೆ. ಈಗ ಮೂಕವಾಗಿದೆ. ಕೆಟ್ಟಿಲ್ಲ, ಮುಂದಿರೋ ಗುಂಡಿಯನ್ನ ಒತ್ತಿ ಹಿಡಿದರೆ ಕೂಗು ನಿಲ್ಲುತ್ತೆ, ಮತ್ತೆ ಒತ್ತೋವರೆಗೂ ಬರಲ್ಲ. ಇದು ಕೂಗೋದು ಕರೆಂಟ್ ಹೋದಾಗ ಮಾತ್ರ. ಅಲ್ಲಿಂದ ಇಲ್ಲಿಗೆ ಕರೆಂಟ್ ಹೋಗಿದ್ದು ಆ ಮಧ್ಯಾಹ್ನ ಮಾತ್ರ. ಅಂದರೆ ಆ ಮಧ್ಯಾಹ್ನ, ಒಳಕೋಣೆಯ ಮೇಜಿನ ಮುಂದೆ, ಆ ಕೂಗು ಕೇಳಿ ತಲೆಚಿಟ್ಟು ಹಿಡಿದವರೊಬ್ಬರು ಕೂತಿದ್ರು." ಅತ್ತಿಗೆ ಬಾಗಿಲ ಕಡೆ ನೋಡಿದರು. "ಇದು ಕೂಗುತ್ತೆ ಅನ್ನೋದೇ ಆ ಹುಡುಗಿಗೆ ನಿನ್ನೆವರೆಗೂ ಗೊತ್ತಿರಲಿಲ್ಲ. ಟೀಚರಮ್ಮ ಶಾಲೆಯಲ್ಲಿದ್ರು. ಕಿವಿ ಕೇಳೋರು ಈ ಮನೆಯಲ್ಲಿ ಇನ್ಯಾರಿದ್ರು, ಪ್ರಿನ್ಸಿಪಾಲರೇ?"

ವೇದಿಕೆಯ ಮೇಲೆ ಎಂದೂ ತಡವರಿಸದ ಆ ಮನುಷ್ಯ ಜೇಬಿನ ಕೀಲಿಕೈಯನ್ನು ತೆಗೆದು ಬೆರಳಲ್ಲಿ ತಿರುಗಿಸತೊಡಗಿದರು.

"ನೀವು ಅಳಿಸೋಕಂತ ಬಂದಿರಲಿಲ್ಲ," ಎಂದರು ಅತ್ತಿಗೆ, ದನಿ ಏರಿಸದೆ. "ಅಮ್ಮ ಏನು ಹೇಳಿದಾಳೋ ಅನ್ನೋ ಕುತೂಹಲಕ್ಕೆ ಬಂದ್ರಿ. ನೆಮ್ಮದಿಯಾಗಿ ನೋಡೋಣ ಅಂತ ಕೂಗು ನಿಲ್ಲಿಸಿದ್ರಿ. ನೋಡಿದ ಮೇಲೆ ಅಳಿಸಿದ್ರಿ. ಅಮ್ಮನದೊಂದೇ ಅಳಿಸಿದರೆ ಗೊತ್ತಾಗುತ್ತೆ ಅಂತ ಎಲ್ಲರದೂ ಅಳಿಸಿದ್ರಿ. ಏನು ನೋಡಿದ್ರಿ ಅನ್ನೋದು ಮಾತ್ರ ನನಗೆ ಗೊತ್ತಿಲ್ಲ."

"ಶಾಲೆ," ಎಂದರು ಪ್ರಿನ್ಸಿಪಾಲರು ನೆಲ ನೋಡುತ್ತ. "ನಾನು ಚಿಕ್ಕವನು, ಅಮ್ಮ ಶಾಲೆಗೆ ಬುತ್ತಿ ತಂದಿದ್ದಳು. ಸ್ನೇಹಿತರು ಯಾರಿದು ಅಂತ ಕೇಳಿದ್ರು. ನಮ್ಮನೆ ಕೆಲಸದವಳು ಅಂದೆ. ಅವಳಿಗೆ ಕೇಳಿಸಲ್ಲವಲ್ಲ, ತಿಳಿಯಲ್ಲ ಅಂದ್ಕೊಂಡಿದ್ದೆ. ನನ್ನ ತುಟಿ ನೋಡಿಬಿಟ್ಟಿದ್ದಳು. ವಿಡಿಯೋದಲ್ಲಿ ಅದನ್ನೇ ಹೇಳ್ತಿದ್ದಳು: ಮಗ, ಶಾಲೆ, ಕೆಲಸದವಳು. ಅಷ್ಟು ನನಗೂ ತಿಳೀತು. ಸಭೆಯ ಮುಂದೆ ಅದನ್ನ ನೋಡ್ಕೊಂಡು ನಾನು ಹೇಗೆ ಕೂರಲಿ, ಅಕ್ಕ?"

"ಆಮೇಲಿನದು?" ಎಂದರು ಟೀಚರಮ್ಮ.

"ಆಮೇಲಿನದು ಏನು?"

"ಅಮ್ಮ ಅಲ್ಲಿಗೇ ನಿಲ್ಲಿಸಿರಲಿಲ್ಲ."

"ಅವಳ ಕೈ ಬೇಗ ಬೇಗ ಓಡಿತು. ನನಗೆ ಅಷ್ಟು ಬರಲ್ಲ, ನಿನಗೆ ಗೊತ್ತು. ಏನೇನು ಬೈದಳೋ. ಹೇಳು, ಏನಂದಳು?"

ಟೀಚರಮ್ಮ ಎದ್ದು ತಮ್ಮನ ಎದುರು ನಿಂತರು. ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿದರು. ಬಾಯಿ ಬಿಡಲಿಲ್ಲ. ಬೆರಳುಗಳು ಬಾಗಿದವು, ಬಿಚ್ಚಿದವು, ಒಂದು ಅಂಗೈ ತಲೆಯ ಬಳಿ ಹೋಗಿ ಇಳಿಯಿತು, ಇನ್ನೊಂದು ಎದೆಯ ಮೇಲೆ ಅರಳಿ ನಿಂತಿತು. ನಿಧಾನವಾಗಿ, ಒಂದನ್ನೂ ಬಿಡದೆ, ಕೊನೆಯವರೆಗೆ ಹೇಳಿದರು. ಪ್ರಿನ್ಸಿಪಾಲರು ಆ ಕೈಗಳನ್ನೇ ನೋಡಿದರು; ಗೊತ್ತಿಲ್ಲದ ಊರಿನ ಬಸ್ಸಿನ ಬೋರ್ಡು ನೋಡುವವರಂತೆ ನೋಡಿದರು. ಬಾಗಿಲ ಬಳಿ ಚಿಟ್ಟೆಯ ಬ್ಯಾಗು ತೊಡೆಯಿಂದ ಜಾರಿ ಬಿತ್ತು. ಅವಳು ಮುಖ ಮುಚ್ಚಿಕೊಂಡು ಅಳತೊಡಗಿದ್ದಳು.

"ಏನಂದಳು, ಅಕ್ಕ?"

ಟೀಚರಮ್ಮ ಮತ್ತೆ ಕುರ್ಚಿಯಲ್ಲಿ ಕೂತರು. ಕೊನೆಗೆ ಪ್ರಿನ್ಸಿಪಾಲರು ಎದ್ದರು. ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮೆಟ್ಟಿಲಲ್ಲಿ ಅವರ ಹೆಜ್ಜೆ ಒಮ್ಮೆ ನಿಂತಿತು, ಮತ್ತೆ ಇಳಿಯಿತು.

ಮೈದುನನಿಗೆ ತಡೆಯಲಾಗಲಿಲ್ಲ. "ಅಮ್ಮ ಅಷ್ಟೊಂದು ಬೈದಿದ್ರಾ, ಟೀಚರಮ್ಮ?"

"ಬೈಯೋದಾ?" ಅವರು ಚಿಟ್ಟೆಯ ಕಡೆ ನೋಡುತ್ತಲೇ ಹೇಳಿದರು. "'ಅವತ್ತು ನಾನೂ ಕೆಲಸದವಳ ಹಾಗೇ ತಲೆ ತಗ್ಗಿಸಿ ಬುತ್ತಿ ಕೊಟ್ಟೆ. ಮಗನ ಮರ್ಯಾದೆ ಉಳೀತು. ಅವನು ಹೊಟ್ಟೆತುಂಬ ಉಂಡ. ನನಗೆ ಅಷ್ಟೇ ಸಾಕಿತ್ತು' ಅಂದಿದ್ದಳು. ಹೇಳಿ ನಕ್ಕಿದ್ದಳು. ಆ ನಗುವನ್ನೇ ಸಭೆಗೆ ತೋರಿಸಬೇಕು ಅಂದ್ಕೊಂಡಿದ್ದೆ."

"ಅವರಿಗೆ ಹೇಳಬಹುದಿತ್ತಲ್ಲ?"

"ಹೇಳಿದೆನಲ್ಲ," ಎಂದರು ಟೀಚರಮ್ಮ. "ಅಮ್ಮನ ಮಾತಲ್ಲೇ ಹೇಳಿದೆ."