ಎಡಗಿವಿಯ ಬಾಸ್ ಕದ್ದವರು

ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ದನಿ ತೋರಿಸುವ ಗೆರೆ ಕುಸಿದು ಬಿತ್ತು. ಅಕ್ಕ ಕಿರುಚಿದಳು.

ಆರು ತಿಂಗಳು ಕೂತು ಕೈಯಾರೆ ಕಟ್ಟಿದ ಹೆಡ್‌ಫೋನ್. ಹನ್ನೆರಡಕ್ಕೆ ಅದನ್ನು ಕೇಳಿ ಒಪ್ಪಬೇಕಾದ ಕಂಪನಿಯಾಕೆ ಬರುವವಳಿದ್ದಳು. ನಿನ್ನೆ ಇದೇ ಊಟದ ಮೇಜಿನ ಮೇಲೆ ಅಳೆದಾಗ ಎರಡೂ ಕಡೆಯ ಬಾಸ್, ಅಂದರೆ ತಗ್ಗು ದನಿಯ ಗೆರೆ, ದಾರ ಹಿಡಿದಂತೆ ನೇರವಿತ್ತು. ಇಂದು ಎಡಗಡೆ ಇಲ್ಲವೇ ಇಲ್ಲ.

"ಯಾರೋ ಕೈಯಾಡಿಸಿದಾರೆ ಕಣೇ!"

ತಂಗಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವವಳು. ಅಳತೆಯ ಹಲಗೆ ಎಳೆದುಕೊಂಡಳು. ನಡುವೆ ತೂತು, ತೂತಿನಲ್ಲಿ ಬಟಾಣಿಯಷ್ಟು ಮೈಕು. ಹೆಡ್‌ಫೋನಿನ ಎಡಗಡೆಯ ಕಿವಿದಿಂಬನ್ನು ಅದರ ಮೇಲೆ ಒತ್ತಿಟ್ಟು, ಗುಂಯ್ ಎನ್ನುವ ತಗ್ಗು ದನಿಯಿಂದ ಕೀಚಲಿನವರೆಗೆ ಓಡಿಸಿದಳು. ಕೀಚಲು ಸರಿಯಿದೆ. ತಗ್ಗು ದನಿ ಮಾತ್ರ ಸೋರಿಹೋಗಿದೆ.

"ಎಲ್ಲೋ ಗಾಳಿ ಹೋಗ್ತಿದೆ ಅಕ್ಕ. ಸಂದಿ ಸಿಕ್ಕರೆ ಬಾಸ್ ನಿಲ್ಲಲ್ಲ."

ದಿಂಬಿನ ಬಟ್ಟೆಯ ಮಡಿಕೆ ಬಿಡಿಸಿದಳು. ಬೆಂಕಿಕಡ್ಡಿ ತೂರುವಷ್ಟು ತೂತು. ಬೆರಳಿನಿಂದ ಮುಚ್ಚಿ ಮತ್ತೆ ಅಳೆದಳು. ಗೆರೆ ಎದ್ದು ನಿಂತಿತು.

* * *

ಅಕ್ಕನ ಕಣ್ಣು ಗಂಡನ ಮೇಲೆ ಬಿತ್ತು. "ರೀ, ನಿನ್ನೆ ಇಲ್ಲೇ ಕೂತು ಅಂಗಿ ಗುಂಡಿ ಹೊಲೀತಿದ್ರಲ್ಲ!"

"ಹಿಡಿದಿದ್ದು ಸೂಜಿ ಮಾರಾಯ್ತಿ, ಹಾರೆಯಲ್ಲ."

ತಂಗಿ ಆ ಸೂಜಿಯನ್ನೇ ತೂತಿಗಿಟ್ಟಳು. ಆನೆಬಾಗಿಲಲ್ಲಿ ಇರುವೆ ಹೊಕ್ಕಂತಾಯಿತು.

"ಭಾವ ಬಚಾವ್," ಎಂದಳು.

ಅಷ್ಟರಲ್ಲಿ ಅಕ್ಕನ ವ್ಯಾಪಾರದ ಪಾಲುದಾರ ಬಂದ. ಕಣ್ಣಿಗೆ ಸೋಡಾಬುಡ್ಡಿ ಕನ್ನಡಕ, ಕೈಯಲ್ಲೊಂದು ಪೆಟ್ಟಿಗೆ. ಅಕ್ಕ ಫೋನಿನಲ್ಲಿ 'ಬೇಗ ಬನ್ನಿ' ಎಂದಷ್ಟೇ ಹೇಳಿದ್ದಳು.

"ಹೆದರ್ಬೇಡಿ. ನನ್ನ ತಮ್ಮನ ಫ್ಯಾಕ್ಟರಿ ಹೆಡ್‌ಫೋನ್ ತಂದಿದೀನಿ. ಇವತ್ತಿಗೆ ಇದನ್ನೇ ತೋರಿಸೋಣ."

"ನಮ್ಮದು ಕೆಟ್ಟಿದ್ದು ನಿಮಗೆ ಹೇಗೆ ಗೊತ್ತು?" ತಂಗಿ ಕೇಳಿದಳು.

"ಬೆಳಿಗ್ಗೆ ಎಂಟು ಗಂಟೆಗೆ ಬಂದಾಗ ಹಾಕ್ಕೊಂಡು ಕೇಳಿದ್ನಲ್ಲಮ್ಮ. ಎಡಗಡೆ ಸತ್ತೇಹೋಗಿತ್ತು. ಬಲಗಡೆ ಗುಂಡುಕಲ್ಲು."

"ಕನ್ನಡಕ ತೆಗೆದು ಕೇಳಿದ್ರಾ?"

"ತೆಗೆದ್ರೆ ನಂಗೆ ಬಾಗಿಲೂ ಕಾಣಲ್ಲ. ಸ್ನಾನಕ್ಕೂ ತೆಗೆಯಲ್ಲ!" ನಕ್ಕ.

"ಅದನ್ನ ಒಂದು ನಿಮಿಷ ಕೊಡಿ," ತಂಗಿ ಕೈ ಚಾಚಿದಳು.

* * *

ಪೆನ್ಸಿಲಿನಷ್ಟು ದಪ್ಪದ ಕನ್ನಡಕದ ಕಡ್ಡಿ. ಅದನ್ನು ಹಲಗೆಯ ಮೇಲಿಟ್ಟು ಬಲಗಡೆಯ ದಿಂಬು ಒತ್ತಿದಳು. ಅಳೆದಳು. ಬಲಗಡೆಯ ಗೆರೆಯೂ ಜಾರಿ ಬಿತ್ತು, ಎಡಗಡೆಯದರ ಅವಳಿಯಂತೆ.

"ಈ ಕಡ್ಡಿ ನಡುವೆ ಬಂದ್ರೆ ದಿಂಬು ಕೂರಲ್ಲ. ನಿಮ್ಮ ಕಿವಿಗೆ ಯಾವತ್ತೂ ಎರಡೂ ಕಡೆ ಬಾಸ್ ಸೋರುತ್ತೆ. ಅಕ್ಕ ಏನು ಮಾಡಿದ್ರೂ 'ಬಾಸ್ ಸಾಲ್ದು' ಅಂತಿದ್ರಲ್ಲ, ಅದಕ್ಕೇ. ಇವತ್ತೂ ನಿಮಗೆ ಎರಡೂ ಕಡೆ ಒಂದೇ ಥರ ಕೇಳ್ಬೇಕಿತ್ತು. ಎಡಗಡೆ ಮಾತ್ರ ಕೆಟ್ಟಿದೆ, ಬಲಗಡೆ ಗಟ್ಟಿಯಿದೆ ಅಂತ ಹೇಳಿದ್ದು ನಿಮ್ಮ ಕಿವಿಯಲ್ಲ. ತೂತು ಕೊರೆದ ಕೈ."

ಪಾಲುದಾರ ಬರಿಗಣ್ಣು ಪಿಳಿಪಿಳಿ ಬಿಟ್ಟ. "ತಮ್ಮನ ಫ್ಯಾಕ್ಟರಿ ಮುಚ್ಚೋ ಹಾಗಿತ್ತು..."

"ಅದಕ್ಕೆ ನನ್ನ ಆರು ತಿಂಗಳು ಮುಚ್ಚಿಸ್ಬೇಕಿತ್ತಾ?" ಅಕ್ಕ ಅಷ್ಟೇ ಅಂದು ಹೊಸ ದಿಂಬು ಕೂರಿಸಿದಳು. ಅಳೆದಳು. ಗೆರೆ ನೇರ.

ಕರೆಗಂಟೆ ಸದ್ದು ಮಾಡಿತು. ಹನ್ನೆರಡು.

ತಂಗಿ ಕನ್ನಡಕವನ್ನು ಒರೆಸಿ ಪಾಲುದಾರನ ಕೈಗಿಟ್ಟಳು.

"ಹಾಕ್ಕೊಳ್ಳಿ. ಬಾಗಿಲು ಕಾಣ್ಬೇಕಲ್ಲ."